ಅಕ್ಕಿ ಚೀಲ 26 ಕೆ.ಜಿ. ಏಕಾಯಿತು?

ಅಕ್ಕಿ ಚೀಲ ಎಂದರೆ ಮೊದಲು 25 ಕೆ.ಜಿ. ಈಗ ಅನೇಕ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಸಿಗುತ್ತದೆ. ಈ ಒಂದು ಕೆ.ಜಿ. ಯಾಕೆ ಹೆಚ್ಚಾಯಿತು ಎಂಬುದು ವಾಣಿಜ್ಯ ವಿಭಾಗದ ನಮಗಾದರೂ ಗೊತ್ತಿರಬೇಕು.

2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಗೋಧಿ ಹಿಟ್ಟು, ಮೊಸರು, ಮಜ್ಜಿಗೆಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕೂ ಮೊದಲು ಅಕ್ಕಿ, ಬೇಳೆಗೆ ಬ್ರ್ಯಾಂಡ್ ಹೆಸರಿದ್ದರೆ ಮಾತ್ರ ತೆರಿಗೆ ಇತ್ತು. ಈಗಲೂ ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. 25 ಕೆ.ಜಿ. ದಾಟಿದ ಚೀಲಕ್ಕೂ ಇಲ್ಲ. ಹಾಗಾಗಿ ಚೀಲ 26 ಕೆ.ಜಿ. ಆಯಿತು.

ನಮ್ಮ ಅಬ್ಬಾ ಕಿರಾಣಿ ಅಂಗಡಿ ನಡೆಸುತ್ತಾರೆ. ತಿಂಗಳ ಸಂಬಳ ಬರುವ ಮನೆಯವರು ಚೀಲವನ್ನೇ ಒಯ್ಯುತ್ತಾರೆ. ಒಟ್ಟಿಗೆ ಅಷ್ಟು ಹಣ ಹೊಂದಿಸಲಾಗದವರು 5 ಕೆ.ಜಿ. ಪ್ಯಾಕೆಟ್ ಕೇಳುತ್ತಾರೆ. ಚೀಲದವರಿಗೆ ತೆರಿಗೆ ಇಲ್ಲ, ಪ್ಯಾಕೆಟ್‌ನವರಿಗೆ ಇದೆ. ಇದು ನ್ಯಾಯವೇ ಎಂದು ಸಂಸತ್ತಿನಲ್ಲಿ ಮತಕ್ಕೆ ಹಾಕಿ ತೀರ್ಮಾನಿಸಿದ್ದಲ್ಲ. ಆ ವರ್ಷ ಜೂನ್ ಕೊನೆಯಲ್ಲಿ ಚಂಡೀಗಢದಲ್ಲಿ ಜಿಎಸ್‌ಟಿ ಮಂಡಳಿ ಸಭೆ ಸೇರಿ ಶಿಫಾರಸು ಮಾಡಿತು, ಸರ್ಕಾರ ಅಧಿಸೂಚನೆ ಹೊರಡಿಸಿತು, ಅಷ್ಟೇ.

ಇದು ಕಾನೂನುಬಾಹಿರ ಎಂದು ನಾನು ಹೇಳುತ್ತಿಲ್ಲ. 2017ರ ಜಿಎಸ್‌ಟಿ ಕಾಯ್ದೆಯೇ ಸರ್ಕಾರಕ್ಕೆ ಈ ಅಧಿಕಾರ ಕೊಟ್ಟಿದೆ. ಮಂಡಳಿಯಲ್ಲಿ ರಾಜ್ಯಗಳ ಮಂತ್ರಿಗಳೂ ಇದ್ದಾರೆ. ಪ್ರತಿಯೊಂದು ದರವನ್ನೂ ಸಂಸತ್ತೇ ಕುಳಿತು ನಿರ್ಧರಿಸಲು ಸಾಧ್ಯವಿಲ್ಲ. ಆದರೆ ಅಧಿಕಾರ ಕೊಟ್ಟವರು ಅದು ಹೇಗೆ ಬಳಕೆಯಾಗಿದೆ ಎಂದು ನೋಡಬೇಕಲ್ಲವೇ?

ನೋಡಲು ದಾರಿ ಇದೆ. ಅದೇ ಕಾಯ್ದೆಯ 166ನೇ ಕಲಮಿನ ಪ್ರಕಾರ ಇಂಥ ನಿಯಮ, ಅಧಿಸೂಚನೆಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಒಟ್ಟು 30 ದಿನ ಮಂಡಿಸಬೇಕು. ಎರಡೂ ಸದನಗಳು ಒಪ್ಪಿದರೆ ತಿದ್ದಬಹುದು, ರದ್ದು ಮಾಡಬಹುದು. ಆದರೆ ನಿಯಮ ಅಲ್ಲಿಯವರೆಗೆ ಕಾಯುವುದಿಲ್ಲ, ಮೊದಲೇ ಜಾರಿಗೆ ಬಂದಿರುತ್ತದೆ. ಆಮೇಲೆ ರದ್ದಾದರೂ ಅದರಡಿ ಅಷ್ಟರೊಳಗೆ ನಡೆದದ್ದು ಊರ್ಜಿತವೇ. ಸದಸ್ಯರು ಸುಮ್ಮನಿದ್ದರೆ ನಿಯಮ ಹಾಗೆಯೇ ಉಳಿಯುತ್ತದೆ.

2022ರ ಮುಂಗಾರು ಅಧಿವೇಶನ ಶುರುವಾದದ್ದೂ ಜುಲೈ 18ರಂದೇ. ವಿರೋಧ ಪಕ್ಷಗಳು ಗಲಾಟೆ ಮಾಡಿದವು. ಲೋಕಸಭೆಯಲ್ಲಿ ಬೆಲೆ ಏರಿಕೆಯ ಚರ್ಚೆ ನಡೆದದ್ದು ಆಗಸ್ಟ್ 1ರಂದು, ಅದೂ ಮತಕ್ಕೆ ಹಾಕದ ಚರ್ಚೆ.

ಇನ್ನೊಂದು ದಾರಿ ಅಧೀನ ಶಾಸನ ಸಮಿತಿ. ಲೋಕಸಭೆಯಲ್ಲಿ ಇದು 1953ರಿಂದ ಇದೆ. ಹದಿನೈದು ಸದಸ್ಯರಿರುತ್ತಾರೆ, ಮಂತ್ರಿಗಳಿಗೆ ಜಾಗವಿಲ್ಲ. ನಿಯಮವು ಮೂಲ ಕಾಯ್ದೆಯ ಉದ್ದೇಶ ಮೀರಿದೆಯೇ, ಮಂಡಿಸಲು ತಡವಾಯಿತೇ ಎಂದು ಅದು ಪರಿಶೀಲಿಸುತ್ತದೆ. ನಮ್ಮ ರಾಜ್ಯದ ಶಾಸಕಾಂಗದಲ್ಲೂ ಇಂಥ ಸಮಿತಿ ಇದೆ.

ಮನಸ್ಸು ಮಾಡಿದರೆ ಈ ದಾರಿಗಳಿಂದ ಉಪಯೋಗವಿದೆ. ಅಂತರ್ಜಾಲ ಕಂಪನಿಗಳ ಬಗ್ಗೆ 2011ರಲ್ಲಿ ಬಂದ ನಿಯಮಗಳನ್ನು ರದ್ದು ಮಾಡಬೇಕೆಂದು ಕೇರಳದ ಸದಸ್ಯ ಪಿ. ರಾಜೀವ್ 2012ರಲ್ಲಿ ರಾಜ್ಯಸಭೆಯಲ್ಲಿ ನಿರ್ಣಯ ತಂದರು. ಅವರು ಸೋತರು. ಆದರೆ ಎಲ್ಲರ ಜೊತೆ ಸಮಾಲೋಚನೆ ನಡೆಸುವುದಾಗಿ ಮಂತ್ರಿ ಸದನದಲ್ಲೇ ಭರವಸೆ ಕೊಡಬೇಕಾಯಿತು. ಮರುವರ್ಷ ಲೋಕಸಭೆಯ ಸಮಿತಿಯೂ ಆ ನಿಯಮಗಳಲ್ಲಿ ಅಸ್ಪಷ್ಟತೆ ಇದೆ ಎಂದಿತು. ಒಬ್ಬ ಸದಸ್ಯ ಓದಿ ಎದ್ದು ನಿಂತದ್ದಕ್ಕೆ ಇಷ್ಟಾಯಿತು.

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಕಲಿಯುವುದೇನು? ಲೆಕ್ಕ ಬರೆದವರೇ ಅದನ್ನು ಪರಿಶೋಧನೆ ಮಾಡಬಾರದು. ಮೇಜಿನ ಮೇಲೆ ವೋಚರ್ ಇಟ್ಟ ಮಾತ್ರಕ್ಕೆ ಪರಿಶೋಧನೆ ಆದಂತಲ್ಲ. ಸದನದಲ್ಲಿ ಮಂಡಿಸಿದ ನಿಯಮಕ್ಕೂ ಇದೇ ಮಾತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಪ್ರತಿ ಅಧಿವೇಶನದಲ್ಲಿ ಅರ್ಧ ದಿನವನ್ನಾದರೂ ಮುಖ್ಯ ನಿಯಮಗಳ ಚರ್ಚೆಗೆ ಮೀಸಲಿಡಬೇಕು. ದಿನಬಳಕೆಯ ವಸ್ತುಗಳ ಅಧಿಸೂಚನೆ ಬಂದಾಗ, ಇದರ ಹೊರೆ ಯಾರಿಗೆ, ಕಾರಣವೇನು ಎಂದು ಒಂದು ಪುಟದಲ್ಲಿ ಸರಳ ಕನ್ನಡದಲ್ಲಿ ತಿಳಿಸಬೇಕು. ತುರ್ತು ಇದ್ದರೆ ಸರ್ಕಾರ ನಿಯಮ ಮಾಡಲಿ, ಬೇಡ ಎನ್ನುವುದಿಲ್ಲ. ಆದರೆ ಮುಂದಿನ ಅಧಿವೇಶನದಲ್ಲಿ ಉತ್ತರ ಕೊಡಲಿ.

ಶಾಸಕರು, ಸಂಸದರು ಬಂದಾಗ ನಾವು ರಸ್ತೆ, ನೀರು, ಬಸ್ಸು ಕೇಳುತ್ತೇವೆ. ಅವು ಬೇಕು. ಅದರ ಜೊತೆಗೆ "ಈ ಬಾರಿ ಸದನದ ಮುಂದೆ ಬಂದ ನಿಯಮಗಳಲ್ಲಿ ನೀವು ಓದಿದ್ದು ಎಷ್ಟು ಸರ್?" ಎಂದೂ ಕೇಳೋಣ. ನಮ್ಮಲ್ಲಿ ಹೆಚ್ಚಿನವರಿಗೆ ಬೇಗನೆ 18 ತುಂಬಿ ಮತದಾನದ ಹಕ್ಕು ಬರುತ್ತದೆ. ಪ್ರಶ್ನೆ ಕೇಳುವುದಕ್ಕೆ ಅಲ್ಲಿಯವರೆಗೂ ಕಾಯಬೇಕಿಲ್ಲ.