ಅರವತ್ತು ತಾಸಿನಲ್ಲಿ ಇಪ್ಪತ್ತೈದು ತಾಸು ಊರಿಗೆ ಕೊಡ್ರಿ

ಕರ್ನಾಟಕದಲ್ಲಿ ಡಾಕ್ಟರೊಬ್ಬರು ತಮ್ಮ ನೋಂದಣಿ ಉಳಿಸಿಕೊಳ್ಳಲು ಐದು ವರ್ಷದಲ್ಲಿ 30 ಕ್ರೆಡಿಟ್ ತಾಸುಗಳ ಕಲಿಕೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ತೋರಿಸಬೇಕು. ವರ್ಷಕ್ಕೆ ಆರು ತಾಸು ಆಯಿತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನಲ್ಲಿ ಪಿಎಂಪಿ ಸರ್ಟಿಫಿಕೇಟ್ ಪಡೆದವರು ಮೂರು ವರ್ಷದಲ್ಲಿ 60 ಪಿಡಿಯು ತೋರಿಸಬೇಕು. ಒಂದು ಪಿಡಿಯು ಅಂದರೆ ಒಂದು ತಾಸು. ವರ್ಷಕ್ಕೆ ಇಪ್ಪತ್ತು ತಾಸು ಆಯಿತು. ಹೊಟ್ಟೆ ಕೊಯ್ಯುವವರಿಗೆ ಆರು, ಕೆಲಸ ಯಾವಾಗ ಮುಗಿಯುತ್ತದೆ ಎಂದು ಚಾರ್ಟ್ ಹಾಕುವವರಿಗೆ ಇಪ್ಪತ್ತು.

ಇಷ್ಟೊಂದು ಕಲಿಯುವ ಮಂದಿ ಇದ್ದ ಮೇಲೆ ದೇಶದಲ್ಲಿ ಒಂದು ಕಾಮಗಾರಿಯೂ ತಡವಾಗಬಾರದಿತ್ತು. ಆದರೆ ಈ ತಾಸುಗಳು ಹೇಗೆ ತುಂಬುತ್ತವೆ ಎಂಬುದು ಆ ಸರ್ಟಿಫಿಕೇಟ್ ಇಟ್ಟುಕೊಂಡವರಿಗೇ ಗೊತ್ತು. ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ವೆಬಿನಾರ್ ಓಡುತ್ತಿರುತ್ತದೆ, ದನಿ ಬಂದ್. ಇನ್ನೊಂದು ಕಡೆ ಆಫೀಸಿನ ಕೆಲಸ. ರಜೆಗೆ ಊರಿಗೆ ಬಂದಾಗಲೂ ಕಟ್ಟೆಯ ಮೇಲೆ ಮೊಬೈಲ್ ಒರಗಿಸಿಟ್ಟು ಅದನ್ನೇ ಓಡಿಸುತ್ತಾರೆ. ಏನು ನಡೆಸೀರಿ ಅಂತ ಕೇಳಿದರೆ ‘ಪಾಯಿಂಟ್ ತುಂಬಸ್ಲಿಕತ್ತೀನ್ರಿ’ ಅನ್ನುತ್ತಾರೆ. ಕಲೀಲಿಕತ್ತೀನಿ ಅನ್ನುವುದಿಲ್ಲ. ನಿಜವಾಗಿ ಕೂತು ಕೇಳುವವರೂ ಇದ್ದಾರೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ವ್ಯವಸ್ಥೆ ಎಣಿಸುವುದು ತಾಸನ್ನು. ಕೇಳಿದವನಿಗೂ ಕೇಳದವನಿಗೂ ಅದು ಒಂದೇ ಅಂಕ ಕೊಡುತ್ತದೆ.

ಜಿಲ್ಲಾ ವರದಿಗಾರರಾದ ನಮಗೆ ಇದರ ಉಸಾಬರಿ ಯಾಕೆ ಎಂದು ಕೇಳಬಹುದು. ನಮ್ಮ ಪತ್ರಿಕೋದ್ಯಮ ಡಿಪ್ಲೊಮಾವನ್ನು ಇಷ್ಟು ವರ್ಷದಲ್ಲಿ ಯಾರೂ ನವೀಕರಿಸು ಎಂದು ಕೇಳಿಲ್ಲ, ಅದು ನಿಜ. ಆದರೆ ಗುಂಡಗುರ್ತಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್, ವಾಡಿ ಕಡೆಯ ಮಕ್ಕಳು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋಗಿದ್ದಾರೆ. ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಸೈಟ್ ನೋಡಿಕೊಳ್ಳುವವರು ಬಡ್ತಿ ಸಿಗಲಿ ಎಂದು ಇದೇ ಪರೀಕ್ಷೆಗೆ ಓದುತ್ತಾರೆ. ಅವರು ಹೊಲದ ಮೇಲಿನ ಸಾಲ, ಅಪ್ಪ ಅವ್ವನ ದುಡಿಮೆ ಎಲ್ಲ ಸೇರಿ ಓದಿದವರು. ಹಾಗಾಗಿ ಅವರ ಅರವತ್ತು ತಾಸಿನ ಲೆಕ್ಕ ಕೇಳುವ ಹಕ್ಕು ಈ ಊರುಗಳಿಗೆ ಇದೆ.

ಮೊದಲು ನಿಯಮ ನೋಡೋಣ. ಅಮೆರಿಕದಲ್ಲಿ 1969ರಲ್ಲಿ ಹುಟ್ಟಿದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್, ಅಂದರೆ ಪಿಎಂಐ, 1984ರಿಂದ ಈ ಸರ್ಟಿಫಿಕೇಟ್ ಕೊಡುತ್ತಿದೆ. 60 ಪಿಡಿಯುಗಳಲ್ಲಿ ಕನಿಷ್ಠ 35 ಕಲಿಕೆಯಿಂದ ಬರಬೇಕು. ಕೆಲಸದ ವಿಧಾನ, ಜನರೊಂದಿಗೆ ನಡೆದುಕೊಳ್ಳುವ ಕೌಶಲ, ವ್ಯವಹಾರ ಜ್ಞಾನ ಎಂಬ ಮೂರು ಭಾಗಗಳಲ್ಲಿ ತಲಾ 8 ಇರಲೇಬೇಕು. ಉಳಿದದ್ದರಲ್ಲಿ ಗರಿಷ್ಠ 25ನ್ನು ವೃತ್ತಿಗೆ ಮರಳಿ ಕೊಡುವುದರಿಂದ ಗಳಿಸಬಹುದು: ಬೇರೆಯವರಿಗೆ ಕಲಿಸುವುದು, ಪಾಠ ಬರೆಯುವುದು, ಸಂಬಳವಿಲ್ಲದೆ ಒಂದು ಸಂಸ್ಥೆಗೆ ಯೋಜನೆಯ ಕೆಲಸ ಮಾಡಿಕೊಡುವುದು. ದಿನದ ನೌಕರಿಯೂ ಈ 25ರೊಳಗೇ ಬರುತ್ತದೆ, ಆದರೆ ಅದಕ್ಕೆ ಗರಿಷ್ಠ 8. ಗಡುವಿನೊಳಗೆ ಪಾಯಿಂಟ್ ತುಂಬದಿದ್ದರೆ ಸರ್ಟಿಫಿಕೇಟ್ ಒಂದು ವರ್ಷ ಅಮಾನತು. ಆಗಲೂ ತುಂಬದಿದ್ದರೆ ರದ್ದು, ಮತ್ತೆ ಪರೀಕ್ಷೆ ಬರೆಯಬೇಕು. ನವೀಕರಣ ಶುಲ್ಕ ಬೇರೆ, ಸಂಸ್ಥೆಯ ಸದಸ್ಯರಲ್ಲದವರಿಗೆ ಅದು ಇನ್ನೂ ಹೆಚ್ಚು.

ಆ ಎಂಟರ ಮಿತಿಯನ್ನು ಇನ್ನೊಮ್ಮೆ ಓದಿ. ಮೂರು ವರ್ಷ ಬಿಸಿಲಲ್ಲಿ ನಿಂತು ಒಂದು ಸೇತುವೆಯನ್ನು ಮುಗಿಸಿದರೂ ಎಂಟು ಅಂಕ. ಎಂಟು ತಾಸು ಕುರ್ಚಿಯಲ್ಲಿ ಕೂತು ವೆಬಿನಾರ್ ಹಚ್ಚಿದರೂ ಎಂಟು ಅಂಕ. ಮಾಡಿದ್ದನ್ನೇ ಮಾಡುತ್ತಿದ್ದರೆ ಹೊಸದೇನೂ ಕಲಿಯುವುದಿಲ್ಲ ಎಂಬುದು ಇದರ ಹಿಂದಿನ ವಾದ. ಅದರಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇವೆ. ಆದರೆ ಕೇಳದ ವೆಬಿನಾರ್ ಮಾತ್ರ ಹೊಸದೇನು ಕಲಿಸುತ್ತದೆ?

ನಮ್ಮ ಭಾಗದಲ್ಲೇ ಇನ್ನೊಂದು ಬಗೆಯ ಮರುಕಲಿಕೆ ಇದೆ. ವಾಡಿ, ಸೇಡಂ ಸುತ್ತಿನ ಸುಣ್ಣಕಲ್ಲಿನ ಗಣಿಗಳಿಗೆ 1966ರ ಗಣಿ ವೃತ್ತಿ ತರಬೇತಿ ನಿಯಮಗಳು ಅನ್ವಯಿಸುತ್ತವೆ. ಅವುಗಳ ಪ್ರಕಾರ ಗಣಿ ಕಾರ್ಮಿಕ ಐದು ವರ್ಷಕ್ಕೊಮ್ಮೆಯಾದರೂ ಪುನರ್ ತರಬೇತಿ ಪಡೆಯಬೇಕು. ಅದಕ್ಕೆ ವ್ಯವಸ್ಥೆ ಮಾಡುವ ಹೊಣೆ ಗಣಿ ಮಾಲೀಕನದು. ಅದು ಎಲ್ಲ ಕಡೆ ಸರಿಯಾಗಿ ನಡೆಯುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ತತ್ವ ಸರಿಯಿದೆ: ಕೆಲಸದಲ್ಲಿ ಯಾರಿಗೆ ಪೆಟ್ಟಾಗಬಹುದೋ ಅವರ ಸಲುವಾಗಿ ಕಲಿಕೆ, ಆ ಕೆಲಸದಿಂದ ಯಾರಿಗೆ ಲಾಭವೋ ಅವರ ಮೇಲೆ ಹೊಣೆ. ಡಾಕ್ಟರ ಕ್ರೆಡಿಟ್ ತಾಸಿನ ಹಿಂದೆಯೂ ಒಬ್ಬ ರೋಗಿ ಇದ್ದಾನೆ. ಪಿಡಿಯು ಹಿಂದೆ ಯಾರಿದ್ದಾರೆ? ರೆಸ್ಯೂಮೆಯ ಮೇಲಿನ ಮೂರು ಅಕ್ಷರ, ಅದನ್ನು ನೋಡುವ ಎಚ್‌ಆರ್, ಅಷ್ಟೇ.

ಹಾಗಂತ ಸರ್ಟಿಫಿಕೇಟ್ ಸುಟ್ಟುಹಾಕಿ ಎನ್ನುವುದಿಲ್ಲ. ಹೊಟ್ಟೆಪಾಡಿನ ಕಾಗದವನ್ನು ಸುಡು ಎನ್ನಲು ನಾವ್ಯಾರು? ನಮ್ಮ ಮಾತು ಆ 25 ತಾಸಿನ ಬಗ್ಗೆ. ನೌಕರಿಯ ಹೆಸರಲ್ಲಿ ಒಂದೂ ಬರೆಯದೆ ಇಪ್ಪತ್ತೈದನ್ನೂ ಮರಳಿ ಕೊಡುವ ಕೆಲಸದಿಂದಲೇ ಗಳಿಸಲು ನಿಯಮ ಬಿಡುತ್ತದೆ. ಅದನ್ನು ಬೆಂಗಳೂರಿನ ಹೋಟೆಲಿನ ಎಸಿ ಹಾಲಿನಲ್ಲೇ ಕೊಡಬೇಕೆಂದು ಎಲ್ಲಿಯೂ ಬರೆದಿಲ್ಲ. ಊರಿಗೆ ಕೊಡಿ.

ಊರಿಗೆ ಅದರ ಅಗತ್ಯ ಎಷ್ಟಿದೆ ನೋಡಿ. 371ಜೆ ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ 2013ರಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಆಯಿತು, ಈಗ ಅದರ ಹೆಸರು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಇತ್ತೀಚಿನ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5000 ಕೋಟಿ ರೂಪಾಯಿ ಘೋಷಣೆಯಾಗಿದೆ. ಹಣದ ಮಾತು ಎಲ್ಲರೂ ಆಡುತ್ತಾರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ನಿಂತರೆ ಯಾವುದು ನಿಲ್ಲುತ್ತದೆ ಎಂಬ ಮಾತು ಹಳ್ಳಿಯ ಮಟ್ಟದಲ್ಲಿ ಯಾರೂ ಆಡುವುದಿಲ್ಲ. ಓಣಿಗೆ ಸಿಸಿ ರಸ್ತೆ ಹಾಕಿ, ಅದರ ಮೇಲೆ ಬಿಸಿಲು ಬೀಳುವಷ್ಟರಲ್ಲಿ ನೀರಿನ ಪೈಪಿಗೆಂದು ಅಗೆಯುವುದನ್ನು ನೋಡದ ಊರು ಈ ಜಿಲ್ಲೆಯಲ್ಲಿ ಇದೆಯೇ? ಶಾಲಾ ಕೋಣೆಯ ಗೋಡೆ ಏಳುತ್ತದೆ, ಛತ್ತು ಬೀಳುವುದಕ್ಕೆ ಇನ್ನೊಂದು ವರ್ಷದ ಅನುದಾನ ಕಾಯಬೇಕು. ಈ ಯಾವ ತಪ್ಪಿಗೂ ಹಣ ಕಾರಣವಲ್ಲ. ಕೆಲಸಗಳ ಕ್ರಮವನ್ನು ಮುಂಚೆ ಕೂತು ಯಾರೂ ಬರೆಯಲಿಲ್ಲ, ಅಷ್ಟೇ. ನೀವು ಪರೀಕ್ಷೆಗೆ ಓದಿದ್ದು ಇದನ್ನೇ ಅಲ್ಲವೇ?

ಏನು ಮಾಡಬಹುದು ಎಂಬುದಕ್ಕೆ ಮೂರು ಕೆಲಸ ಹೇಳುತ್ತೇವೆ. ಒಂದು, ನಿಮ್ಮೂರ ಐಟಿಐ, ಡಿಪ್ಲೊಮಾ ಅಥವಾ ಪದವಿ ಕಾಲೇಜಿನ ಹುಡುಗ ಹುಡುಗಿಯರಿಗೆ ಆರು ಭಾನುವಾರ, ದಿನಕ್ಕೆರಡು ತಾಸು, ಎಸ್ಟಿಮೇಟ್ ಓದುವುದು, ವೇಳಾಪಟ್ಟಿ ಹಾಕುವುದು, ಅಪಾಯದ ಪಟ್ಟಿ ಮಾಡುವುದು ಕಲಿಸಿ. ಅಲ್ಲಿಗೆ ಹನ್ನೆರಡು ತಾಸು. ಎರಡು, ಊರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ ಜೊತೆ ಕೂತು ಮುಂದಿನ ವರ್ಷದ ದುರಸ್ತಿ ಕೆಲಸಗಳ ಕ್ರಮ ಬರೆದುಕೊಡಿ. ಮೂರು, ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆ ತಯಾರಾಗುವ ಹೊತ್ತಿಗೆ ವಾರ್ಡ್ ಸಭೆ, ಗ್ರಾಮಸಭೆಗೆ ಬಂದು ಯಾವ ಓಣಿಯಲ್ಲಿ ಮೊದಲು ಪೈಪು, ಆಮೇಲೆ ಚರಂಡಿ, ಕೊನೆಗೆ ರಸ್ತೆ ಎಂದು ಒಂದು ಹಾಳೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಚ್ಚಿ. ಮುಖ್ಯೋಪಾಧ್ಯಾಯರಿಂದಲೋ ಪಂಚಾಯಿತಿಯಿಂದಲೋ ಒಂದು ಪತ್ರ ಪಡೆದಿಟ್ಟುಕೊಳ್ಳಿ. ಪಿಎಂಐ ಲೆಕ್ಕ ತಪಾಸಣೆಗೆ ಕೇಳಿದರೆ ತೋರಿಸಲು ಬೇಕಾಗುತ್ತದೆ.

ಇದಕ್ಕೆ ಬರುವ ಉತ್ತರಗಳೂ ನಮಗೆ ಗೊತ್ತು. ‘ಪಂಚಾಯಿತಿಯಲ್ಲಿ ನಮ್ಮ ಮಾತು ಯಾರು ಕೇಳ್ತಾರ್ರಿ, ಅಲ್ಲಿ ಬರೇ ರಾಜಕೀಯ.’ ಆಫೀಸಿನಲ್ಲಿ ರಾಜಕೀಯ ಇಲ್ಲವೇ? ಪಟ್ಟು ಹಿಡಿದವರನ್ನು ಒಂದು ಮೇಜಿನ ಸುತ್ತ ಕೂರಿಸುವ ವಿದ್ಯೆಗೇ ಎಂಟು ತಾಸು ಕಡ್ಡಾಯ ಮಾಡಿದ್ದಾರೆ. ಅದನ್ನು ಪರೀಕ್ಷಿಸಲು ಗ್ರಾಮಸಭೆಗಿಂತ ಒಳ್ಳೆಯ ಜಾಗ ಸಿಗದು.

ಇನ್ನೊಂದು ಉತ್ತರ, ‘ಇವೆಲ್ಲ ಕನ್ನಡದಲ್ಲಿ ಹೇಳಲಿಕ್ಕೆ ಬರಲ್ಲ.’ ಇದನ್ನಂತೂ ನಾವು ಒಪ್ಪುವುದಿಲ್ಲ. ಕ್ರಿಟಿಕಲ್ ಪಾತ್ ಎಂಬುದನ್ನು ತೊಗರಿ ಬೆಳೆಯುವ ಮನೆಗೆ ಯಾರೂ ಕಲಿಸಬೇಕಿಲ್ಲ. ಕೊಯ್ಲು, ಒಣಗಿಸುವುದು, ರಾಶಿ, ಮಾರುಕಟ್ಟೆ. ಒಣಗದೆ ರಾಶಿ ಇಲ್ಲ, ರಾಶಿ ಇಲ್ಲದೆ ಮಾರಾಟ ಇಲ್ಲ. ಆಳು ಎರಡು ದಿನ ತಡವಾದರೆ ಮುಂದಿನದೆಲ್ಲ ಎರಡು ದಿನ ಹಿಂದಕ್ಕೆ. ಚೀಲ ಹೊಲಿಯುವುದು ಮಾತ್ರ ಒಂದು ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಇದು ಗೊತ್ತಿರುವ ಅವ್ವನ ಮುಂದೆ ನಿಂತು ನಿಮ್ಮ ಪಾಠ ಹೇಳಿ ನೋಡಿ. ಅವಳಿಗೆ ತಿಳಿಯದಿದ್ದರೆ ನಿಮಗೇ ಸರಿಯಾಗಿ ತಿಳಿದಿಲ್ಲ ಎಂದರ್ಥ.

ಪಿಎಂಐಗೂ ಒಂದು ಮಾತು. ಈ ಪರೀಕ್ಷೆಗೆ ಅರಬ್ಬಿ, ಜಪಾನಿ, ಕೊರಿಯನ್ ಭಾಷೆಗಳ ನೆರವಿದೆ. ಕನ್ನಡಕ್ಕಿಲ್ಲ. ಬೆಂಗಳೂರಿನಲ್ಲಿ ಶಾಖೆ ಇಟ್ಟುಕೊಂಡ ಸಂಸ್ಥೆ ಕನ್ನಡದಲ್ಲಿ ಪಾಠ ಬರೆದವರಿಗೆ, ಜಿಲ್ಲೆಗೆ ಹೋಗಿ ಕಲಿಸಿದವರಿಗೆ ಹೆಚ್ಚಿನ ಅಂಕ ಕೊಡಲಿ. ಕೆಲಸದ ಎಂಟರ ಮಿತಿಯನ್ನೂ ಏರಿಸಲಿ. ನವೀಕರಿಸಿದ ಸರ್ಟಿಫಿಕೇಟ್ ತೋರಿಸಿ ಟೆಂಡರ್ ಗೆಲ್ಲುವ ಕಂಪನಿಗಳು ನೌಕರರಿಗೆ ಕಲಿಯುವ ತಾಸಿನ ಸಂಬಳವನ್ನೂ ನವೀಕರಣ ಶುಲ್ಕವನ್ನೂ ಕೊಡಲಿ, ಗಣಿ ಮಾಲೀಕನ ಮೇಲೆ ಹೊಣೆ ಇರುವ ಹಾಗೆಯೇ.

ಅದೆಲ್ಲ ಆಗುವವರೆಗೆ ಕಾಯಬೇಕಿಲ್ಲ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆ ಎಂದು ಎಂಬುದನ್ನು ಫೋನ್ ಮಾಡಿ ಕೇಳಿ. ಆ ದಿನ ರಜೆ ಹಾಕಿ ಬನ್ನಿ. ಅರ್ಧಕ್ಕೆ ನಿಂತ ಕಾಮಗಾರಿಗಳ ಪಟ್ಟಿ, ಎಸ್ಟಿಮೇಟಿನ ಪ್ರತಿ, ಮಾಹಿತಿ ಹಕ್ಕಿನ ಅರ್ಜಿ, ಇವನ್ನು ಒದಗಿಸುವ ಕೆಲಸ ನಮ್ಮಂಥ ವರದಿಗಾರರದು, ಅದನ್ನು ನಾವು ಮಾಡುತ್ತೇವೆ. ಸಭೆ ಮೂರು ತಾಸು ನಡೆದರೆ ಮೂರು ಪಿಡಿಯು ಬರೆದುಕೊಳ್ಳಿ. ಅಲ್ಲಿ ಮಾತ್ರ ದನಿ ಬಂದ್ ಮಾಡಲು ಬರುವುದಿಲ್ಲ.