ಕಾಯಕ ಚಿಂತನ: ಹೊಟ್ಟು, ಬೂದಿ ಮತ್ತು ಬ್ಯಾಟರಿ



ಕನಕಗಿರಿ ತಾಲ್ಲೂಕಿನ ಹುಲಿಹೈದರ ಸೀಮೆಯಲ್ಲಿ ಮಳೆಯನ್ನು ನಂಬಿದ ಹೊಲಗಳೇ ಹೆಚ್ಚು. ಅಲ್ಲಿಂದ ಗಂಗಾವತಿಯತ್ತ ಸಾಗಿದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಎದುರಾಗುತ್ತವೆ. ಒಂದು ಕಡೆ ಜೋಳ-ಸಜ್ಜೆಯ ದಂಟು, ಇನ್ನೊಂದು ಕಡೆ ಅಕ್ಕಿ ಗಿರಣಿಗಳ ಹೊಟ್ಟು. ಕಾಳು ಮನೆ ಸೇರಿದ ಮೇಲೆ ಉಳಿಯುವ ಇಂಥ ಶೇಷಗಳ ಮೇಲೆ ಇಂದು ಬ್ಯಾಟರಿ ಸಂಶೋಧಕರ ದೃಷ್ಟಿ ಬಿದ್ದಿದೆ. ಆದಕಾರಣ ಈ ವಿಷಯವನ್ನು ನಮ್ಮ ಕುಟುಂಬಗಳು ಅರಿತಿರುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಹೊಗೆಯುಗುಳದೆ ಓಡುವ ವಿದ್ಯುತ್ ಸ್ಕೂಟರನ್ನು ನಾವು ಶುಚಿಯಾದದ್ದೆಂದು ತಿಳಿಯುತ್ತೇವೆ. ಆದರೆ ಅದರ ಲಿಥಿಯಂ ಬ್ಯಾಟರಿಯ ಋಣಧ್ರುವಕ್ಕೆ ಸಾಮಾನ್ಯವಾಗಿ ಗ್ರಾಫೈಟ್ ಬೇಕು. ಅದು ಗಣಿಯಿಂದ ಬರಬೇಕು, ಇಲ್ಲವೆ ಪೆಟ್ರೋಲಿಯಂ ಶೇಷವನ್ನು ಸುಮಾರು 3000 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕಾಯಿಸಿ ತಯಾರಿಸಬೇಕು. ಧನಧ್ರುವದ ಪುಡಿಯನ್ನು ಲೋಹದ ಹಾಳೆಗೆ ಹಿಡಿಸುವ ಅಂಟು ಸಾಮಾನ್ಯವಾಗಿ ಫ್ಲೋರಿನ್ ಬೆರೆತದ್ದು. ಆ ಅಂಟನ್ನು ಕರಗಿಸಲು ಬಳಸುವ ಎನ್‌ಎಂಪಿ ಎಂಬ ದ್ರಾವಕವು ಗರ್ಭಸ್ಥ ಶಿಶುವಿಗೆ ಹಾನಿಕರ. ಶುಚಿಯಾದ ವಾಹನದ ಹಿಂದೆ ಶುಚಿಯಲ್ಲದ ಕಾರ್ಖಾನೆ ನಿಂತಿರಬಾರದೆಂಬುದೇ ಸಸ್ಯಮೂಲದ ವಸ್ತುಗಳ ಶೋಧನೆಗೆ ಕಾರಣ.

ನೂರು ಕಿಲೋ ಭತ್ತ ಮಿಲ್ ಮಾಡಿಸಿದರೆ ಸುಮಾರು 20 ಕಿಲೋ ಹೊಟ್ಟು ದೊರೆಯುತ್ತದೆ. ಅದನ್ನು ಸುಟ್ಟರೆ ಉಳಿಯುವುದು ಸುಮಾರು 4 ಕಿಲೋ ಬೂದಿ. ಅದರಲ್ಲಿ ಬಹುಪಾಲು ಸಿಲಿಕಾ. ಭತ್ತದ ಗಿಡ ಬೇರಿನಿಂದ ಹೀರಿ ಹೊಟ್ಟಿನಲ್ಲಿ ಕೂಡಿಟ್ಟದ್ದು. ಈ ಸಿಲಿಕಾದಿಂದ ಮೆಗ್ನೀಸಿಯಂ ನೆರವಿನಿಂದ ಸಿಲಿಕಾನ್ ತೆಗೆಯಬಹುದು. ತೂಕಕ್ಕೆ ತೂಕವಿಟ್ಟು ನೋಡಿದರೆ ಸಿಲಿಕಾನ್ ಗ್ರಾಫೈಟಿಗಿಂತ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿದಿಡಬಲ್ಲದು. ಆದರೆ ಹಾಗೆ ಹಿಡಿದಾಗ ಅದು ಉಬ್ಬಿ, ಕ್ರಮೇಣ ಬಿರುಕು ಬಿಡುತ್ತದೆ. ಹೊಟ್ಟಿನ ಸಿಲಿಕಾದಲ್ಲಿ ಪ್ರಕೃತಿಯೇ ಸೂಕ್ಷ್ಮ ರಂಧ್ರಗಳನ್ನಿರಿಸಿರುವುದರಿಂದ ಉಬ್ಬಲು ಎಡೆಯಿರುತ್ತದೆಂಬುದನ್ನು 2013ರಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ತೋರಿಸಿಕೊಟ್ಟರು.

ಇನ್ನೊಂದು ಮಾರ್ಗ ಸೋಡಿಯಂ ಬ್ಯಾಟರಿಯದು. ಸೋಡಿಯಂ ಅಡುಗೆಯ ಉಪ್ಪಿನಲ್ಲಿಯೇ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡವು ಬೇಗನೆ ಚಾರ್ಜಾಗುವ ಇಂಥ ಬ್ಯಾಟರಿಯನ್ನು 2025ರಲ್ಲಿ ಪ್ರಕಟಪಡಿಸಿತು. ಸೋಡಿಯಂ ಗ್ರಾಫೈಟಿನಲ್ಲಿ ಸುಲಭವಾಗಿ ನೆಲೆಗೊಳ್ಳದ ಕಾರಣ, ಅದಕ್ಕೆ ಹೆಚ್ಚಾಗಿ ಗಟ್ಟಿ ಇಂಗಾಲವೆಂಬ ಬೇರೊಂದು ಇಂಗಾಲವನ್ನು ಬಳಸುತ್ತಾರೆ. ತೆಂಗಿನ ಚಿಪ್ಪು, ಮರದ ಲಿಗ್ನಿನ್, ಬೆಳೆಯ ದಂಟು ಇವುಗಳನ್ನು ಗಾಳಿಯಾಡದಂತೆ ಕಾಯಿಸಿದರೆ ಅದು ಸಿದ್ಧವಾಗುತ್ತದೆ. ಅಂಟಿಗೂ ಸಸ್ಯವೇ ಆಧಾರವಾಗಬಲ್ಲದು. ನೀರಿನಲ್ಲಿ ಕರಗುವ ಸೆಲ್ಯುಲೋಸ್ ಅಂಟು ಋಣಧ್ರುವದಲ್ಲಿ ಈಗಾಗಲೇ ಬಳಕೆಯಲ್ಲಿದೆ. ನಮ್ಮ ತಾಯಂದಿರು ಪಲ್ಯ ಮಾಡುವ ಚವಳಿಕಾಯಿಯ ಬೀಜದ ಅಂಟನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ.

ಹಣೆಯ ಮೇಲೆ ವಿಭೂತಿ ಧರಿಸುವ ನಮಗೆ ಬೂದಿಯೆಂದರೆ ಕಸವಲ್ಲ. ಸುಡುವುದರಲ್ಲಿಯೂ ಹದವಿದೆಯೆಂಬುದು ನಮಗೆ ಗೊತ್ತು. ಹೊಟ್ಟನ್ನು ಅತಿಯಾದ ಕಾವಿನಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ಈ ಕೆಲಸಕ್ಕೆ ಅಷ್ಟಾಗಿ ಒದಗದು. ಹದವರಿತು ಸುಟ್ಟರೆ ಕಾವೂ ದೊರೆಯುತ್ತದೆ, ಬೂದಿಯೂ ಬೆಲೆಯುಳ್ಳದ್ದಾಗುತ್ತದೆ.

ಆದರೆ ಸಸ್ಯಮೂಲವೆಂಬ ಮಾತ್ರಕ್ಕೆ ಎಲ್ಲವೂ ನಿರ್ಮಲವಾಗದು. ಹೊಟ್ಟನ್ನು ಶುದ್ಧಿಗೊಳಿಸಲು ಆಮ್ಲ ಬೇಕು, ಕುಲುಮೆಗೆ ವಿದ್ಯುತ್ ಬೇಕು. ತೊಳೆದ ಆಮ್ಲವನ್ನು ಹಳ್ಳಕ್ಕೆ ಬಿಟ್ಟರೆ ಹಸಿರೆಂಬ ಹೆಸರು ಬರಿಯ ಹೆಸರಾಗಿ ಉಳಿಯುತ್ತದೆ. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳದ ಜನತೆ ಬೀದಿಗಿಳಿದುದನ್ನು, ಗವಿಮಠದ ಶ್ರೀಗಳು ಅವರೊಡನೆ ನಿಂತುದನ್ನು ನಾವೆಲ್ಲರೂ ಬಲ್ಲೆವು. ಕಾರ್ಖಾನೆಯ ಧೂಳು ಏನೆಂಬುದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಎಚ್ಚರವೂ ಅಗತ್ಯ. ಜೋಳದ ದಂಟು ಎತ್ತಿನ ಬಾಯಿಯ ಮೇವು. ಬರಗಾಲದ ವರ್ಷ ಅದರ ಬೆಲೆಯೇನೆಂಬುದನ್ನು ಹುಲಿಹೈದರದ ಒಕ್ಕಲಿಗನನ್ನೇ ಕೇಳಬೇಕು. ಕಂಪನಿಯವರು ನಾಲ್ಕು ರೂಪಾಯಿ ಹೆಚ್ಚು ಕೊಟ್ಟರೆಂದು ಕೊಟ್ಟಿಗೆ ಬರಿದು ಮಾಡಿಕೊಳ್ಳುವುದು ವಿವೇಕವಲ್ಲ. ಹಂಚಿ ಉಣ್ಣುವುದು ದಾಸೋಹದ ನೀತಿ. ಅದರಂತೆ ಮೊದಲ ಪಾಲು ದನಕರುಗಳಿಗೆ, ಎರಡನೆಯದು ಗೊಬ್ಬರವಾಗಿ ಮಣ್ಣಿಗೆ, ಉಳಿದದ್ದು ಮಾತ್ರ ಕಾರ್ಖಾನೆಗೆ. ದನ ಮೇಯದ ಭತ್ತದ ಹೊಟ್ಟಿನಿಂದ ಈ ಕಾರ್ಯ ಆರಂಭವಾಗುವುದೇ ಲೇಸು.

ಇಂಥ ಉದ್ಯಮ ನಮ್ಮ ಕಡೆಗೆ ಬರುವುದಾದರೆ ಮೂರು ಪ್ರಶ್ನೆಗಳನ್ನು ನಾವು ಕೇಳಬೇಕು. ಹೊಟ್ಟಿನ ಲಾಭದಲ್ಲಿ ಭತ್ತ ಬೆಳೆದವನ ಪಾಲೆಷ್ಟು? ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಊರ ಮಕ್ಕಳಿಗೆ ಅಲ್ಲಿ ಕಾವಲುಗಾರನ ಕೆಲಸ ಮಾತ್ರವೋ, ಪ್ರಯೋಗಶಾಲೆಯ ಕೆಲಸವೂ ಉಂಟೋ? ಮೂರನೆಯ ಪ್ರಶ್ನೆಗೆ ಉತ್ತರ ನಮ್ಮ ಮನೆಗಳಲ್ಲಿಯೂ ಇದೆ. ರಸಾಯನಶಾಸ್ತ್ರ ಓದುವೆನೆನ್ನುವ ಮಗಳನ್ನು ತಡೆಯದೆ ಓದಿಸೋಣ. ಹೊಟ್ಟಿನಿಂದ ಬೆಳಕು ತೆಗೆಯುವುದೂ ಕಾಯಕವೇ. ಆ ಕಾಯಕದ ಫಲ ಕಾಯಕಜೀವಿಗೂ ಸಲ್ಲಲಿ.