ಸ್ನಾನಗೃಹದ ಹೊರಗಿರಬೇಕಾದ ಬೆಂಕಿ

ಮಾರ್ಗಶಿರ ಪುಷ್ಯ ಮಾಸಗಳ ಚಳಿ ಬೆಂಗಳೂರು ಮೈಸೂರುಗಳಂಥ ಊರುಗಳಲ್ಲಿ ಬಲಿಯುತ್ತ ಬಂದಂತೆ, ಯಾವುದೋ ಬಾಡಿಗೆ ಮನೆಯ ಸ್ನಾನಗೃಹದಲ್ಲಿ ಗ್ಯಾಸ್ ಗೀಸರಿನ ಕೆಳಗೆ ಯಾರೋ ಒಬ್ಬರು, ಕೆಲವೊಮ್ಮೆ ತಾಯಿ ಮಗು ಇಬ್ಬರೂ, ಪ್ರಾಣಬಿಟ್ಟ ವಾರ್ತೆ ಪತ್ರಿಕೆಯ ಒಳಪುಟದಲ್ಲಿ ಅಚ್ಚಾಗುತ್ತದೆ. ಅದರ ತಲೆಬರಹ ಅನೇಕ ವೇಳೆ ‘ಅನಿಲ ಸೋರಿಕೆ’ ಎಂದೇ ಇರುತ್ತದೆ. ಓದಿದವರು ಮರುಕಪಟ್ಟು, ತಮ್ಮ ಮನೆಯ ಸಿಲಿಂಡರಿನ ರೆಗ್ಯುಲೇಟರಿನ ಬಳಿ ಒಮ್ಮೆ ಮೂಸಿ ನೋಡಿ, ವಾಸನೆಯೇನೂ ಇಲ್ಲವೆಂದು ಸಮಾಧಾನ ತಾಳಿ, ಮರುದಿನ ಬೆಳಗ್ಗೆ ತಮ್ಮ ಗೀಸರನ್ನು ಹೊತ್ತಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಸಮಾಧಾನಕ್ಕೆ ಆಧಾರವಿಲ್ಲವೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ. ಇಂಥ ಮರಣಗಳಿಗೆ ಸೋರಿದ ಅನಿಲಕ್ಕಿಂತ ಹೆಚ್ಚಾಗಿ ಉರಿದ ಅನಿಲವೇ ಕಾರಣವಾಗಿರುತ್ತದೆ. ಯಂತ್ರದಲ್ಲಿ ದೋಷವೇನೂ ಇಲ್ಲದಿದ್ದರೂ ಅದನ್ನು ನೇತುಹಾಕಿದ ಸ್ಥಳದ ದೋಷವೊಂದೇ ಮನುಷ್ಯನನ್ನು ಕೊಲ್ಲಲು ಸಾಕು.

ಅಡಿಗೆಯ ಅನಿಲವೆಂದು ನಾವು ಕರೆಯುವ ಎಲ್‌ಪಿಜಿ, ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದಕ್ಕೆ ಸ್ವಭಾವತಃ ಗಮನಕ್ಕೆ ಬರುವಂಥ ವಾಸನೆಯಿಲ್ಲದ ಕಾರಣ, ಸೋರಿದ ಕೂಡಲೆ ಮೂಗಿಗೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ಜ್ವಾಲೆಯನ್ನು ಹೊಕ್ಕ ಮೇಲೆ ಆ ಗಂಧವೂ ಉರಿದುಹೋಗುತ್ತದೆ. ಗಾಳಿ ಯಥೇಷ್ಟವಾಗಿದ್ದಲ್ಲಿ ದಹನ ಪೂರ್ಣವಾಗಿ ನಡೆದು ಇಂಗಾಲದ ಡೈಆಕ್ಸೈಡೂ ನೀರಾವಿಯೂ ಮಾತ್ರ ಹುಟ್ಟುತ್ತವೆ. ಗಾಳಿ ಸಾಲದಾದಾಗಲಾದರೋ ದಹನ ಅರ್ಧದಲ್ಲಿ ನಿಂತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಕಣ್ಣನ್ನು ಉರಿಸದು, ಗಂಟಲನ್ನು ಕೆರೆಯದು. ತೂಕದಲ್ಲಿ ಅದು ಗಾಳಿಗೆ ಸರಿಸುಮಾರು ಸಮವಾಗಿರುವುದರಿಂದ ಕೋಣೆಯ ಗಾಳಿಯಲ್ಲಿ ಸುಲಭವಾಗಿ ಬೆರೆತು ಎಲ್ಲೆಡೆಯೂ ವ್ಯಾಪಿಸುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಕರ್ಷಣೆ ಈ ವಿಷವಾಯುವಿನ ಮೇಲೆ ಇರುವುದರಿಂದ, ಉಸಿರಿನೊಡನೆ ಒಳಹೊಕ್ಕ ಅತ್ಯಲ್ಪಾಂಶವೂ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿಕೊಂಡು ಕುಳಿತುಬಿಡುತ್ತದೆ.

ಗಾಳಿ ಸಾಲದಾಗಲು ಎಷ್ಟು ಹೊತ್ತು ಬೇಕು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನಿಮಿಷಕ್ಕೆ 6 ಲೀಟರ್ ನೀರು ಕೊಡುವ ಸಾಮಾನ್ಯ ಗೀಸರು ಚಳಿಗಾಲದ ತಣ್ಣೀರನ್ನು ಸ್ನಾನಕ್ಕೆ ಹದವಾಗುವಷ್ಟು ಕಾಯಿಸಲು ಗಂಟೆಗೆ ಹೆಚ್ಚುಕಡಿಮೆ 1 ಕಿಲೋ ಅನಿಲವನ್ನು ಉರಿಸುವ ವೇಗದಲ್ಲಿ ಕೆಲಸ ಮಾಡುತ್ತದೆ. ಎಂದರೆ ಅಡಿಗೆಮನೆಯ ಒಲೆಯ ಐದಾರು ಬರ್ನರುಗಳನ್ನು ಒಮ್ಮೆಗೇ ಪೂರ್ತಿ ಹೊತ್ತಿಸಿದಷ್ಟು ಉರಿ ಆ ಪುಟ್ಟ ಪೆಟ್ಟಿಗೆಯೊಳಗೆ ಇರುತ್ತದೆ. 1 ಕಿಲೋ ಅನಿಲದ ಪೂರ್ಣ ದಹನಕ್ಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಸ್ನಾನಗೃಹದಲ್ಲಿ ಇರುವುದು ಒಟ್ಟು 8 ಘನ ಮೀಟರ್ ಗಾಳಿ. ಬಾಗಿಲೂ ಕಿಟಕಿಯೂ ಬಿಗಿಯಾಗಿ ಮುಚ್ಚಿದ್ದ ಪಕ್ಷದಲ್ಲಿ ಹತ್ತೇ ನಿಮಿಷದ ಉರಿ ಅದರ ಕಾಲುಭಾಗವನ್ನು ನುಂಗಿ, ಶೇಕಡ 21ರಷ್ಟಿದ್ದ ಆಮ್ಲಜನಕವನ್ನು ಹದಿನಾರರ ಸಮೀಪಕ್ಕೆ ಇಳಿಸಲು ಸಾಕು. ಜ್ವಾಲೆ ಕೆಟ್ಟು ವಿಷ ಸುರಿಯಲಾರಂಭಿಸುವುದು ಅದಕ್ಕೂ ಮೊದಲೇ. ಅನೇಕ ಗೀಸರುಗಳಲ್ಲಿ ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ ಏರ್ಪಾಡು ಇರುವುದುಂಟಾದರೂ, ಇಪ್ಪತ್ತು ನಿಮಿಷದ ಅವಧಿ ಎಷ್ಟು ದೀರ್ಘವೆಂಬುದು ಈ ಲೆಕ್ಕದಿಂದಲೇ ವಿದಿತವಾಗುತ್ತದೆ. ಅಲ್ಲದೆ ಒಂದು ಕುಟುಂಬದಲ್ಲಿ ಒಬ್ಬರಾದ ಮೇಲೊಬ್ಬರು ಸ್ನಾನಕ್ಕೆ ಹೋಗುವುದು ವಾಡಿಕೆ. ಮೊದಲನೆಯವರು ಕೆಡಿಸಿಟ್ಟ ಗಾಳಿಯಲ್ಲಿ ಎರಡನೆಯವರು ಉಸಿರಾಡಬೇಕಾಗುತ್ತದೆ, ಮೂರನೆಯವರ ಪಾಡನ್ನು ಹೇಳುವಂತೆಯೇ ಇಲ್ಲ.

ನಮ್ಮ ಹಿರಿಯರಿಗೆ ಈ ರಸಾಯನಶಾಸ್ತ್ರ ತಿಳಿದಿರಲಿಲ್ಲ. ಆದರೆ ಅವರ ಬಚ್ಚಲುಮನೆಗಳ ರಚನೆಯನ್ನು ಗಮನವಿಟ್ಟು ನೋಡಿದವರಿಗೆ ಬೆಂಕಿಯ ವಿಷಯದಲ್ಲಿ ಅವರು ವಹಿಸಿದ್ದ ಎಚ್ಚರ ಕಣ್ಣಿಗೆ ಬೀಳದೆ ಇರದು. ಹಳೆಯ ಕಾಲದ ಎಷ್ಟೋ ಮನೆಗಳಲ್ಲಿ ಹಂಡೆ ಬಚ್ಚಲಿನ ಒಳಗಿದ್ದರೂ ಒಲೆಯ ಬಾಯಿ ಗೋಡೆಯ ಆಚೆ, ಹಿತ್ತಿಲ ಕಡೆಗೆ ಇರುತ್ತಿತ್ತು. ಸೌದೆ ತೆಂಗಿನಗರಿಗಳನ್ನು ಹೊರಗಿನಿಂದ ಒಟ್ಟುತ್ತಿದ್ದರು, ಹೊಗೆ ಹೊರಗೇ ಹೋಗುತ್ತಿತ್ತು. ಒಲೆ ಒಳಗಿದ್ದ ಕಡೆಯಲ್ಲಿಯೂ ನಾಡಹೆಂಚಿನ ಮಾಡಿನ ಸಂದುಸಂದುಗಳು ಗಾಳಿಗೆ ತೆರವಾಗಿರುತ್ತಿದ್ದವು. ದೀಪಾವಳಿಯ ಮುನ್ನಾದಿನಗಳ ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ ಪೂಜಿಸುತ್ತಿದ್ದ ಆ ಬಚ್ಚಲಿನಲ್ಲಿ ಹೊಗೆಗೆ ಕಣ್ಣು ಉರಿಯುತ್ತಿದ್ದುದು ನಿಜ. ಆ ಕಣ್ಣುರಿಯೇ ಮನುಷ್ಯನನ್ನು ಹೊರಕ್ಕೆ ಅಟ್ಟಿ ಕಾಪಾಡುತ್ತಿತ್ತು. ಈಗ ಹೆಂಚಿನ ಜಾಗದಲ್ಲಿ ಕಾಂಕ್ರೀಟು ಬಂದಿದೆ, ಬಾಗಿಲಿಗೆ ನೀರು ತಾಗಿದರೂ ಕೆಡದ ಬಿಗಿಯಾದ ಹಲಗೆ ಬಂದಿದೆ, ಗೋಡೆಗೆ ಸೂರಿನ ಪರ್ಯಂತ ನುಣುಪಾದ ಟೈಲ್ಸು ಬಂದಿವೆ. ಬೆಂಕಿ ಮಾತ್ರ ಹೊರಗಿನಿಂದ ಒಳಗೆ ಬಂದು, ಸ್ನಾನ ಮಾಡುವವರ ತಲೆಯ ಮಟ್ಟದಲ್ಲಿ ನೆಲೆಗೊಂಡಿದೆ.

ಹಾಗೆ ಒಳಕ್ಕೆ ಬರಬೇಕಾದ ಅಗತ್ಯವಾದರೂ ಇದ್ದಿತೇ ಎಂದರೆ, ಇರಲಿಲ್ಲ. ಈಗಿನ ಗೀಸರಿನ ಒಳಗೆ ನೀರಿನ ಒತ್ತಡಕ್ಕೆ ಚಲಿಸುವ ಒಂದು ರಬ್ಬರಿನ ಪಟಲವೂ, ಎರಡು ದಪ್ಪ ಬ್ಯಾಟರಿ ಸೆಲ್ಲುಗಳಿಂದ ಕಿಡಿ ಹಾರಿಸುವ ಒಂದು ಸಾಧನವೂ ಇರುತ್ತವೆ; ನಲ್ಲಿಯನ್ನು ತಿರುಗಿಸಿದೊಡನೆ ನೀರಿನ ಹರಿವಿನಿಂದ ಪಟಲ ಸರಿದು, ಅನಿಲದ ದಾರಿ ತೆರೆದು, ಬೆಂಕಿ ತಾನಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಯಂತ್ರ ಬಾಲ್ಕನಿಯ ಗೋಡೆಯ ಮೇಲಿದ್ದು ನಲ್ಲಿ ಬಚ್ಚಲಿನೊಳಗೆ ಇದ್ದರೂ ಕೆಲಸ ಕೆಡುವುದಿಲ್ಲ. ನಡುವಣ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಸ್ವಲ್ಪ ಹರಿದುಹೋಗಬೇಕಾಗುವುದೊಂದೇ ಅನನುಕೂಲ. ಗಾಳಿ ಜೋರಾಗಿ ಬೀಸಿ ಉರಿ ಆರದಂತೆಯೂ ಮಳೆಯ ಎರಚಲು ತಾಗದಂತೆಯೂ ಒಂದು ಮರೆ ಬೇಕಾಗುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಅಪಾರ್ಟ್‌ಮೆಂಟುಗಳ ಯುಟಿಲಿಟಿಗೆ ಗೀಸರನ್ನು ಸಾಗಿಸಿದ ಮೇಲೆ ಧೂಳೆಂದೋ ಪಾರಿವಾಳದ ಕಾಟವೆಂದೋ ಅದರ ತೆರಪಿಗೆ ಗಾಜಿನ ಕಿಟಕಿಗಳನ್ನು ಜೋಡಿಸಿ ಮುಚ್ಚಿದರೆ, ಅದೂ ಇನ್ನೊಂದು ಮುಚ್ಚಿದ ಕೋಣೆಯಾಗಿ ಪರಿಣಮಿಸಿ, ಅಲ್ಲಿಯ ವಿಷ ಪಕ್ಕದ ಅಡಿಗೆಮನೆಗೆ ಹರಿಯುತ್ತದೆ.

ಹೊಗೆಕೊಳವೆಯುಳ್ಳ ಗೀಸರುಗಳ ವಿಚಾರ ಬೇರೆ. ಅವು ಸರಿಯಾಗಿ ಜೋಡಣೆಯಾದಲ್ಲಿ ಒಳ್ಳೆಯವು. ಬಿಸಿಯಾದ ಹೊಗೆಗೆ ಮೇಲೇರುವ ಗುಣ ಇರುವುದರಿಂದ, ಕೊಳವೆ ಯಂತ್ರದ ತಲೆಯಿಂದ ಮೊದಲು ನೆಟ್ಟಗೆ ಮೇಲಕ್ಕೆ ಹೋಗಿ, ಅನಂತರ ಅಡ್ಡ ತಿರುಗಬೇಕಾದರೆ ಏರುಮುಖವಾಗಿಯೇ ಸಾಗಿ, ಬಯಲು ಗಾಳಿಯಲ್ಲಿ ಕೊನೆಗಾಣಬೇಕು. ಬಹುಮಹಡಿ ಕಟ್ಟಡಗಳಲ್ಲಿ ಎಲ್ಲ ಸ್ನಾನಗೃಹಗಳ ವೆಂಟಿಲೇಟರುಗಳೂ ತೆರೆಯುವ ಇಕ್ಕಟ್ಟಾದ ಡಕ್ಟಿನೊಳಕ್ಕೆ ಈ ಕೊಳವೆಯನ್ನು ಚಾಚಿದರೆ, ಕೆಳಮನೆಯ ಹೊಗೆ ಮೇಲ್ಮನೆಯವರ ವೆಂಟಿಲೇಟರಿನೊಳಗೆ ನುಗ್ಗುತ್ತದೆ. 1 ಕಿಲೋ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯ ರೂಪದಲ್ಲಿ ಹುಟ್ಟುವುದರಿಂದ ತಗಡಿನ ಕೊಳವೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಕಣಜದ ಹುಳುಗಳು ಮಣ್ಣಿನ ಗೂಡು ಕಟ್ಟಿ ಅದರ ಬಾಯನ್ನು ಮುಚ್ಚುವುದೂ ಉಂಟು. ಫ್ರಾನ್ಸಿನ ಪ್ರಖ್ಯಾತ ಕಾದಂಬರಿಕಾರ ಎಮಿಲ್ ಝೋಲಾ 1902ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ತನ್ನ ಮನೆಯ ಮಲಗುವ ಕೋಣೆಯಲ್ಲಿ ಮಡಿದದ್ದು ಹೊಗೆಗೂಡು ಕಟ್ಟಿಕೊಂಡು ಇದೇ ವಿಷವಾಯು ಹಿಂದಿರುಗಿದ್ದರಿಂದ. ಎಗ್ಝಾಸ್ಟ್ ಫ್ಯಾನಿನ ಮೇಲೆ ನಮ್ಮವರಿಗಿರುವ ನಂಬಿಕೆಯೂ ಪರೀಕ್ಷಾರ್ಹವಾದುದೇ: ಒಳಕ್ಕೆ ಗಾಳಿ ಬರುವ ದಾರಿಯನ್ನು ಬಾಗಿಲಿನ ಕೆಳಭಾಗದಲ್ಲಿ ಬಿಡದೆ ಫ್ಯಾನನ್ನು ತಿರುಗಿಸಿದರೆ, ಅದು ಹೊರದೂಡಬಲ್ಲುದು ಅತ್ಯಲ್ಪ, ಕೊಳವೆಯುಳ್ಳ ಗೀಸರಿನ ಕೋಣೆಯಲ್ಲಂತೂ ಅದು ಮೇಲೇರುವ ಹೊಗೆಯನ್ನೇ ಕೊಳವೆಯಿಂದ ಕೆಳಕ್ಕೆ ಸೆಳೆದು ಕೋಣೆಗೆ ತುಂಬಬಹುದು. ಚಳಿಗೂ ಸೊಳ್ಳೆಗೂ ಅಂಜಿ ವೆಂಟಿಲೇಟರಿನ ಗಾಜುಪಟ್ಟಿಗಳ ಮೇಲೆ ರಟ್ಟನ್ನೋ ಪ್ಲಾಸ್ಟಿಕ್ಕಿನ ಹಾಳೆಯನ್ನೋ ಅಂಟಿಸಿರುವ ಮನೆಗಳು ಯಾವ ಬೀದಿಯಲ್ಲಿ ಇಲ್ಲ? ಸಿಲಿಂಡರನ್ನೇ ಸ್ನಾನಗೃಹದೊಳಗೆ ತಂದಿಡುವವರ ಅಪಾಯವಂತೂ ಇಮ್ಮಡಿ. ಗಾಳಿಗಿಂತ ಭಾರವಾದ ಆ ಅನಿಲ ಸೋರಿದರೆ ನೆಲವನ್ನು ಹಿಡಿದು ಅಲ್ಲಿಯೇ ನಿಲ್ಲುತ್ತದೆ.

ವಿಷ ಏರಿದವರಿಗೆ ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವಿಕೆ. ಬಿಸಿನೀರಿನ ಆವಿಯಿಂದ ಹೀಗಾಯಿತೆಂದು ಅವರು ಭಾವಿಸುತ್ತಾರೆ. ಅಷ್ಟರಲ್ಲಿ ಕಾಲುಗಳು ಬಲಗುಂದಿ, ಕೈಗೆಟುಕುವ ದೂರದಲ್ಲಿರುವ ಚಿಲಕವನ್ನು ತೆಗೆಯಲೂ ಶಕ್ತಿ ಸಾಲದೆ ಕುಸಿಯುತ್ತಾರೆ. ಕೆಲವರಿಗೆ ಫಿಟ್ಸ್ ಬರುತ್ತದೆ. ನಮ್ಮ ಸೀಮೆಯಲ್ಲಿ ಇಲ್ಲೊಂದು ವಿಶೇಷ ತೊಡಕುಂಟು. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ ಒಂದು ಬಗೆಯ ಅಪಸ್ಮಾರ ದಕ್ಷಿಣ ಕರ್ನಾಟಕದಲ್ಲಿ ಬಹುಕಾಲದಿಂದ ಪರಿಚಿತವಾದುದು. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಅದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಆದುದರಿಂದ ಬಚ್ಚಲಿನಲ್ಲಿ ಬಿದ್ದು ಸೆಟೆದವರನ್ನು ಕಂಡ ಮನೆಮಂದಿ ಅದನ್ನೇ ಊಹಿಸಿ, ಗೀಸರಿನ ಮಾತನ್ನೇ ಎತ್ತದೆ ಹೋದರೆ, ರೋಗಿ ಗುಣಹೊಂದಿ ಬಂದು ಪುನಃ ಅದೇ ಕೋಣೆಯನ್ನು ಹೊಗಬಹುದು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಈ ಸಂದರ್ಭದಲ್ಲಿ ನಂಬಕೂಡದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ವಿಷ ಹೊತ್ತ ಹಿಮೋಗ್ಲೋಬಿನ್ನಿಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯದು, ಸಾಯುತ್ತಿರುವವರ ಬೆರಳಿನಲ್ಲಿಯೂ ಅದು ಸಹಜವಾದ ಅಂಕಿಯನ್ನೇ ತೋರಬಹುದು. ಬಾಗಿಲನ್ನು ಒಡೆದಾದರೂ ತೆರೆದು, ಗೀಸರನ್ನು ಆರಿಸಿ, ಬಿದ್ದವರನ್ನು ತತ್‌ಕ್ಷಣ ಬಯಲಿಗೆ ತಂದು, 108ಕ್ಕೆ ಕರೆಮಾಡಿ, ‘ಗ್ಯಾಸ್ ಗೀಸರ್ ಹೊತ್ತಿತ್ತು’ ಎಂಬ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಹೊರಗಿನ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕ ಕೊಟ್ಟಲ್ಲಿ ಸುಮಾರು ಒಂದೂವರೆ ಗಂಟೆ ಸಾಕು. ಬದುಕಿಕೊಂಡವರಲ್ಲಿ ಕೆಲವರಿಗೆ ವಾರಗಳ ತರುವಾಯ ಮರೆವೂ ಬುದ್ಧಿಮಾಂದ್ಯವೂ ತಲೆದೋರುವುದುಂಟು; ಗರ್ಭಿಣಿಯರ ವಿಷಯದಲ್ಲಿ ತಾಯಿ ಚೇತರಿಸಿಕೊಂಡರೂ ಗರ್ಭದ ಶಿಶುವಿನ ಅಪಾಯ ಹೆಚ್ಚಿನದು.

ಹರಿಯುವ ನೀರನ್ನು ಅನಿಲದಿಂದ ಕೂಡಲೆ ಕಾಯಿಸುವ ಯಂತ್ರವನ್ನು 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬಾತ ನಿರ್ಮಿಸಿದಾಗ ಅದಕ್ಕೆ ಹೊಗೆಕೊಳವೆ ಇರಲಿಲ್ಲ. ಅದೇ ದೇಶದಲ್ಲಿ ಈಗ, 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ, ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಂಡು ಹೊಗೆಯನ್ನು ಹೊರಕ್ಕೇ ಬಿಡುವ, ಕೋಣೆಯ ಗಾಳಿಗೆ ಸಂಬಂಧವೇ ಇಲ್ಲದಂತೆ ಮುಚ್ಚಿದ ಯಂತ್ರವನ್ನಲ್ಲದೆ ಬೇರೊಂದನ್ನು ಸ್ನಾನಗೃಹದಲ್ಲಿ ಅಳವಡಿಸುವಂತಿಲ್ಲ. ಅಲ್ಲಿ ಬಾಡಿಗೆ ಮನೆಯ ಅನಿಲಯಂತ್ರಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವ ಹೊಣೆ ಮನೆಯ ಮಾಲೀಕನದು. ನಮ್ಮಲ್ಲಿಯೂ ಎಲ್‌ಪಿಜಿ ಗೀಸರಿನ ರಚನೆಗೆ ಭಾರತೀಯ ಮಾನಕ ಬ್ಯೂರೋದ 15558ನೆಯ ಸಂಖ್ಯೆಯ ಮಾನಕವಿದೆ. ಆದರೆ ಯಂತ್ರ ಎಷ್ಟು ನಿರ್ದುಷ್ಟವಾಗಿ ತಯಾರಾಗಿ ಬಂದರೂ, ಅದನ್ನು ಕೊನೆಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕುವವನು ಬೀದಿಯ ಪ್ಲಂಬರ್. ಎಲ್ಲಿ ತೂಗುಹಾಕಬೇಕೆಂದು ಬೆರಳು ತೋರಿಸುವವನು ಮನೆಯ ಯಜಮಾನ. ಅವರಿಬ್ಬರನ್ನೂ ಕೇಳುವವರು ಯಾರೂ ಇಲ್ಲ. ಅನಿಲ ವಿತರಕರ ಕಡೆಯವರು ನಿಯತಕಾಲಿಕವಾಗಿ ಮನೆಗೆ ಬಂದು ಅಡಿಗೆಮನೆಯ ಒಲೆ, ರಬ್ಬರ್ ಕೊಳವೆ, ರೆಗ್ಯುಲೇಟರುಗಳನ್ನು ತಪಾಸಣೆ ಮಾಡುವ ಪದ್ಧತಿಯುಂಟು. ಅವರು ಹತ್ತು ಹೆಜ್ಜೆ ಮುಂದೆ ನಡೆದು ಸ್ನಾನಗೃಹದ ಬಾಗಿಲನ್ನೂ ತೆರೆದು ನೋಡಿ, ಕೊಳವೆಯಿಲ್ಲದ ಗೀಸರು ಒಳಗಿದ್ದರೆ ಅದನ್ನು ಹೊರಕ್ಕೆ ಸಾಗಿಸುವ ಪರ್ಯಂತ ಸಂಪರ್ಕವನ್ನು ತಡೆಹಿಡಿಯುವ ಅಧಿಕಾರವನ್ನು ಹೊಂದಿರತಕ್ಕದ್ದು. ಮಾಳಿಗೆಯ ಮೇಲೆ ಸೌರ ಜಲತಾಪಕ ಇರಲೇಬೇಕೆಂದು ಕಟ್ಟಡಗಳನ್ನು ನಿರ್ಬಂಧಿಸಲು ಸಮರ್ಥವಾದ ನಮ್ಮ ಸರ್ಕಾರಕ್ಕೆ, ಮೋಡದ ದಿನಗಳಲ್ಲಿಯೂ ಸೌರತಾಪಕದ ನೀರು ಎಟುಕದ ಬಾಡಿಗೆಯ ಬಿಡಾರಗಳಲ್ಲಿಯೂ ಉರಿಯುವ ಈ ಬೆಂಕಿಯ ಸ್ಥಾನವನ್ನು ಗೊತ್ತುಪಡಿಸುವುದು ಅಸಾಧ್ಯವೆಂದು ನಾನು ಒಪ್ಪಲಾರೆ.

ಮನೆಯ ಮಾಲೀಕರಲ್ಲಿ ನನ್ನ ವಿಜ್ಞಾಪನೆ ಇನ್ನಷ್ಟು ನೇರವಾದದ್ದು. ತಿಂಗಳುಗಟ್ಟಲೆಯ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆದು, ಗೋಡೆಗೆ ಮೊಳೆ ಹೊಡೆಯಕೂಡದೆಂಬ ನಿಬಂಧನೆಯನ್ನೂ ಕರಾರುಪತ್ರದಲ್ಲಿ ಬರೆಯಿಸಿಕೊಳ್ಳುವವರು, ಬಿಸಿನೀರಿನ ಪೈಪು ಹೊರಗಿನಿಂದ ಒಳಗೆ ಬರಲು ಟೈಲ್ಸಿನಲ್ಲಿ ಒಂದು ರಂಧ್ರ ಕೊರೆಯಿಸಿಕೊಡುವುದನ್ನು ತಮ್ಮ ಕರ್ತವ್ಯವೆಂದು ತಿಳಿಯಬೇಕು. ನಾಲ್ಕಾರು ಅಡಿ ಪೈಪಿಗೂ ಪ್ಲಂಬರನ ಅರ್ಧ ದಿನದ ಕೂಲಿಗೂ ಆಗುವ ವೆಚ್ಚ ಯಾವ ಮಾಲೀಕನಿಗೂ ಭಾರವಾಗತಕ್ಕದ್ದಲ್ಲ. ಆ ಕೆಲಸ ಆಗುವ ತನಕ ಬಾಡಿಗೆದಾರರು ಒಂದು ಕ್ರಮವನ್ನು ಬಿಡದೆ ಪಾಲಿಸಬಹುದು: ಬಾಗಿಲನ್ನೂ ವೆಂಟಿಲೇಟರನ್ನೂ ಪೂರ್ತಿ ತೆರೆದಿಟ್ಟು, ಗೀಸರನ್ನು ಹೊತ್ತಿಸಿ, ಬೇಕಾದಷ್ಟು ಬಿಸಿನೀರನ್ನು ಬಕೆಟ್ಟುಗಳಲ್ಲಿ ತುಂಬಿಕೊಂಡು, ಗೀಸರನ್ನು ಆರಿಸಿ, ಸಿಲಿಂಡರಿನ ರೆಗ್ಯುಲೇಟರನ್ನೂ ಮುಚ್ಚಿ, ಕೋಣೆಯ ಗಾಳಿ ಬದಲಾಗಲು ಒಂದಷ್ಟು ಹೊತ್ತು ಬಿಟ್ಟು, ಆಮೇಲೆ ಸ್ನಾನಕ್ಕೆ ಹೋಗುವುದು; ಮಕ್ಕಳನ್ನೂ ವೃದ್ಧರನ್ನೂ ಒಳಗೆ ಕಳುಹಿಸಿದಾಗ ಚಿಲಕ ಹಾಕಿಕೊಳ್ಳಗೊಡದಿರುವುದು.